ಹೊರದೇಶದಲ್ಲಿ ಕಂಪನಿ ಕಟ್ಟಬೇಕಾ? ಬಳ್ಳಾರಿಯಿಂದ ಹೊರಡುವವರಿಗೆ ವೀಸಾ ದಾರಿ, ಒಂದೊಂದೇ ಹೆಜ್ಜೆ

ಯುಗಾದಿ ಮುಗಿದ ವಾರ. ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಯೂನಿಟ್‌ನ ಹುಡುಗ ನನ್ನ ಟೇಬಲ್ ಮುಂದೆ ಕೂತು, ಪ್ಲಾಸ್ಟಿಕ್ ಫೋಲ್ಡರ್‌ನಿಂದ ಒಂದು ಕಲರ್ ಪ್ರಿಂಟ್ ತೆಗೆದ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಅವನ ಹೆಸರಿಗೆ ಒಂದು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಆಗಿತ್ತು. ಕೆಳಗೆ ಬಂಗಾರದ ಬಣ್ಣದ ಮುದ್ರೆ ಬೇರೆ. 'ಕಂಪನಿ ಆಯ್ತು ಸಾರ್. ಇನ್ನು ವೀಸಾ ಎಷ್ಟು ದಿನಕ್ಕೆ ಬರುತ್ತೆ?' ಅಂದ.

ಎಷ್ಟು ದಿನಕ್ಕೂ ಬರುವುದಿಲ್ಲ. ಆ ಕಾಗದಕ್ಕೂ ವೀಸಾಕ್ಕೂ ಸಂಬಂಧವೇ ಇಲ್ಲ. ಅದನ್ನು ಹೇಳಿದಾಗ ಅವನ ಮುಖ ನೋಡಲು ಆಗಲಿಲ್ಲ.

ನಾನು ವಕೀಲನಲ್ಲ. ಬಳ್ಳಾರಿಯ ಸಣ್ಣ ಯೂನಿಟ್‌ಗಳ, ಗಂಗಾವತಿ ಕಡೆಯ ಒಂದೆರಡು ರೈಸ್ ಮಿಲ್‌ಗಳ ಲೆಕ್ಕ ಬರೆಯುವವನು. ಇವರ ಮಕ್ಕಳು ಹೊರಗೆ ಹೋಗಿ ವ್ಯಾಪಾರ ಮಾಡುತ್ತೇವೆ ಅಂತ ಹೊರಟಾಗ ಕಾಗದಪತ್ರ ಜೋಡಿಸುವುದು ನನ್ನ ಪಾಲಿಗೆ ಬರುತ್ತದೆ. ನೋಡಿ ನೋಡಿ ಒಂದು ಮಾತು ಗಟ್ಟಿಯಾಗಿದೆ. ನಮ್ಮ ಕಡೆಯವರ ಕೈಯಲ್ಲಿರುವ ದೊಡ್ಡ ಬಂಡವಾಳ ಅಪ್ಪ ನಡೆಸುತ್ತಿರುವ ಯೂನಿಟ್ಟೇ. ಅದನ್ನು ಮಾರಿ ಹೋಗಬೇಕು ಅಂತ ಹುಡುಗರು ಅಂದುಕೊಳ್ಳುತ್ತಾರೆ. ಅದನ್ನು ಇಟ್ಟುಕೊಂಡರೇ ಒಂದು ಒಳ್ಳೆಯ ವೀಸಾ ದಾರಿ ತೆರೆಯುತ್ತದೆ.

ಮೊದಲ ಹೆಜ್ಜೆ: ಮಾಲೀಕ ಆಗುವುದು ಬೇರೆ, ಅಲ್ಲಿ ಕೆಲಸ ಮಾಡುವುದು ಬೇರೆ

ಅಮೆರಿಕದಲ್ಲಿ ಕಂಪನಿಗೆ ಮಾಲೀಕರಾಗಲು ವೀಸಾ ಬೇಕಿಲ್ಲ. ಬಳ್ಳಾರಿಯಲ್ಲಿ ಕೂತೇ ಎಲ್‌ಎಲ್‌ಸಿ ಮಾಡಬಹುದು, ಸಿ-ಕಾರ್ಪ್ ಅನ್ನುವ ಷೇರು ಕಂಪನಿ ಮಾಡಬಹುದು. ಎಸ್-ಕಾರ್ಪ್ ಅನ್ನುವ ಇನ್ನೊಂದು ಬಗೆ ಮಾತ್ರ ಆಗದು, ಅಲ್ಲಿ ನೆಲೆಸದ ವಿದೇಶಿಯರು ಅದರ ಷೇರುದಾರರಾಗುವಂತಿಲ್ಲ. ಆದರೆ ಅಲ್ಲಿಗೆ ಹೋಗಿ ಅಂಗಡಿ ನೋಡಿಕೊಳ್ಳುವುದು, ಆರ್ಡರ್ ಪ್ಯಾಕ್ ಮಾಡುವುದು, ಗಿರಾಕಿಗೆ ಬಿಲ್ ಹಾಕುವುದು ಕೆಲಸ. ಸಂಬಳ ತೆಗೆದುಕೊಳ್ಳದಿದ್ದರೂ ಅದು ಕೆಲಸವೇ. ಅದಕ್ಕೆ ಕೆಲಸದ ವೀಸಾ ಬೇಕು.

ಬಿ-1 ಅನ್ನುವ ಬಿಸಿನೆಸ್ ವಿಸಿಟ್ ವೀಸಾದಲ್ಲಿ ಗಿರಾಕಿಗಳನ್ನು ಭೇಟಿ ಆಗಬಹುದು, ಕರಾರು ಮಾತಾಡಬಹುದು, ಟ್ರೇಡ್ ಫೇರ್ ನೋಡಬಹುದು, ಬಾಡಿಗೆ ಜಾಗ ಹುಡುಕಬಹುದು. ಕಂಪನಿ ನೋಂದಣಿಯನ್ನೂ ಮಾಡಿಸಬಹುದು. ನಡೆಸುವಂತಿಲ್ಲ, ಅಷ್ಟೇ.

ಇನ್ನು ಆ ಡೆಲವೇರ್ ಎಲ್‌ಎಲ್‌ಸಿ. ಅದು ಸುಮ್ನೆ ಬಿದ್ದಿದ್ದರೂ ರಾಜ್ಯಕ್ಕೆ ವರ್ಷಕ್ಕೆ 300 ಡಾಲರ್ ತೆರಿಗೆ ಕಟ್ಟಬೇಕು, ಜೂನ್ 1ರೊಳಗೆ. ಅದರ ಮೇಲೆ, ವಿದೇಶಿಯೊಬ್ಬನೇ ಮಾಲೀಕನಾಗಿರುವ ಎಲ್‌ಎಲ್‌ಸಿ ಮತ್ತು ಮಾಲೀಕನ ನಡುವೆ ದುಡ್ಡು ಓಡಾಡಿದರೆ ಫಾರ್ಮ್ 5472 ಅಂತ ಒಂದು ಮಾಹಿತಿ ಪತ್ರ ಅಮೆರಿಕದ ತೆರಿಗೆ ಇಲಾಖೆಗೆ ಹೋಗಬೇಕು. ಮಾಲೀಕ ಬಂಡವಾಳ ಹಾಕಿದ್ದೂ ಲೆಕ್ಕಕ್ಕೆ ಬರುತ್ತದೆ. ಕೊಡದಿದ್ದರೆ ದಂಡ 25,000 ಡಾಲರ್. ಯೂಟ್ಯೂಬ್ ನೋಡಿ ಹತ್ತು ನಿಮಿಷದಲ್ಲಿ ಕಂಪನಿ ಮಾಡಿದ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಎರಡನೇ ಹೆಜ್ಜೆ: ನಿಜವಾಗಿ ಹೋಗಲೇಬೇಕಾ ಅಂತ ಕೇಳಿಕೊಳ್ಳಿ

ಈ ಪ್ರಶ್ನೆಗೆ ಜಾಸ್ತಿ ಜನ ಬೇಜಾರಾಗುತ್ತಾರೆ. ಆದರೂ ಕೇಳುತ್ತೇನೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ, ತೊಳೆದು, ಅಳತೆ ಪ್ರಕಾರ ಕಟ್ಟಿ ಹೊರದೇಶಕ್ಕೆ ಕಳಿಸುವವರಿದ್ದಾರೆ. ಅವರ ಸರಕು ದೇಶ ದಾಟುತ್ತದೆ, ಅವರು ದಾಟಬೇಕಿಲ್ಲ. ರಫ್ತು ಮಾಡಲು ಐಇಸಿ ಅನ್ನುವ ಆಮದು-ರಫ್ತು ಕೋಡ್ ಬೇಕು. ವಿದೇಶ ವ್ಯಾಪಾರ ನೋಡುವ ಡಿಜಿಎಫ್‌ಟಿ ಇಲಾಖೆಯ ವೆಬ್‌ಸೈಟ್‌ನಲ್ಲಿ 500 ರೂಪಾಯಿಗೆ ಸಿಗುತ್ತದೆ. ನಿಮ್ಮ ವ್ಯಾಪಾರ ಇಲ್ಲಿಂದ ಮಾಲು ಅಥವಾ ಸಾಫ್ಟ್‌ವೇರ್ ಕಳಿಸುವುದಷ್ಟೇ ಆಗಿದ್ದರೆ, ವರ್ಷಕ್ಕೆರಡು ಸಲ ವಿಸಿಟ್ ವೀಸಾದಲ್ಲಿ ಹೋಗಿ ಗಿರಾಕಿಗಳನ್ನು ಮಾತಾಡಿಸಿ ಬಂದರೆ ಸಾಕು. ವೀಸಾ ತಲೆನೋವು ಅಲ್ಲಿಗೇ ಮುಗಿಯಿತು.

ಅಲ್ಲೇ ಗೋದಾಮು ಬೇಕು, ಅಲ್ಲೇ ಜನ ಇಟ್ಟುಕೊಂಡು ಮಾರಬೇಕು, ನಾನೇ ನಿಂತು ನೋಡಿಕೊಳ್ಳಬೇಕು ಅನ್ನುವವರು ಮುಂದೆ ಓದಿ.

ಮೂರನೇ ಹೆಜ್ಜೆ: ನಿಮ್ಮ ಕೈಯಲ್ಲಿ ಏನಿದೆ ನೋಡಿ

'ಯಾವ ದೇಶ ಒಳ್ಳೇದು' ಅಂತ ಶುರುಮಾಡಿದರೆ ತಲೆಕೆಡುತ್ತದೆ. ನಿಮ್ಮ ಹತ್ತಿರ ಏನಿದೆ ಅಂತ ಶುರುಮಾಡಿ. ಊರಲ್ಲಿ ನಡೆಯುತ್ತಿರುವ ವ್ಯಾಪಾರ ಇದ್ದರೆ ಅಮೆರಿಕದ ಎಲ್-1, ಅಂದರೆ ಇಲ್ಲಿನ ಕಂಪನಿಯಿಂದ ಅಲ್ಲಿನ ಕಂಪನಿಗೆ ಹೋಗುವವರ ವೀಸಾ. ಹೊರಗೆ ಓದಿದ ಡಿಗ್ರಿ ಇದ್ದರೆ ಅದೇ ದೇಶದಲ್ಲಿ ಓದಿದವರಿಗೆ ಕೊಡುವ ಅವಧಿ. ಹೊಸ ಐಡಿಯಾ ಮತ್ತು ಅದನ್ನು ನಂಬುವ ಹೂಡಿಕೆದಾರ ಇದ್ದರೆ ಬ್ರಿಟನ್, ಸಿಂಗಪುರ. ಸಾಧಾರಣ ದುಡ್ಡು, ಬೇಗ ಶುರುಮಾಡುವ ಆಸೆ ಇದ್ದರೆ ದುಬೈ. ಕೋಟಿಗಟ್ಟಲೆ ಇದ್ದರೆ, ನಿಮಗೆ ನನ್ನ ಮಾತು ಬೇಕಿಲ್ಲ, ಅಲ್ವಾ?

ನಾಲ್ಕನೇ ಹೆಜ್ಜೆ: ಎಲ್-1ಎ, ನಮ್ಮ ಯೂನಿಟ್‌ಗಳಿಗೆ ಹೊಂದುವ ದಾರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಭಾರತದಲ್ಲಿ ಒಂದು ಕಂಪನಿ, ಅಮೆರಿಕದಲ್ಲಿ ಅದರ ಶಾಖೆ ಅಥವಾ ಸೋದರ ಕಂಪನಿ. ಇಲ್ಲಿನ ಮ್ಯಾನೇಜರ್ ಅಲ್ಲಿಗೆ ಹೋಗಿ ಹೊಸ ಆಫೀಸ್ ತೆರೆಯುತ್ತಾನೆ. ಎಲ್-1ಎ ಅಂದರೆ ಇಷ್ಟೇ. ಇದಕ್ಕೆ ಲಾಟರಿ ಇಲ್ಲ, ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಡಿಗ್ರಿ ಬೇಕೇ ಬೇಕು ಅಂತಿಲ್ಲ. ಇಷ್ಟು ದುಡ್ಡು ಹೂಡಲೇಬೇಕು ಅನ್ನುವ ಅಂಕಿಯೂ ಕಾನೂನಿನಲ್ಲಿಲ್ಲ. ಹೆಂಡತಿ ಅಥವಾ ಗಂಡ ಎಲ್-2 ಅನ್ನುವ ಕುಟುಂಬದ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸವನ್ನೂ ಮಾಡಬಹುದು.

ಬದಲಿಗೆ ಅವರು ನೋಡುವುದು ಇವು. ಕಳೆದ 3 ವರ್ಷಗಳಲ್ಲಿ ನೀವು ಇಲ್ಲಿನ ಕಂಪನಿಯಲ್ಲಿ ನಿರಂತರ 1 ವರ್ಷ ಕೆಲಸ ಮಾಡಿರಬೇಕು. ಎರಡೂ ಕಂಪನಿಗಳ ಒಡೆತನ ಒಂದಕ್ಕೊಂದು ಹೊಂದಬೇಕು. ಅಲ್ಲಿ ಆಫೀಸಿಗೆ ಜಾಗ ಹಿಡಿದಿರಬೇಕು. ಒಂದು ವರ್ಷದೊಳಗೆ ಆ ಆಫೀಸು ಒಬ್ಬ ನಿಜವಾದ ಮ್ಯಾನೇಜರ್‌ನನ್ನು ಸಾಕುವ ಮಟ್ಟಕ್ಕೆ ಬರುತ್ತದೆ ಅಂತ ಪ್ಲಾನ್ ತೋರಿಸಬೇಕು. ಮತ್ತೆ, ನೀವು ಅಲ್ಲಿರುವಷ್ಟು ದಿನವೂ ಇಲ್ಲಿನ ವ್ಯಾಪಾರ ನಡೆಯುತ್ತಲೇ ಇರಬೇಕು. ಶಟರ್ ಎಳೆದು ಹೊರಟರೆ ವೀಸಾದ ಬುಡವೇ ಹೋಗುತ್ತದೆ.

ಕಾಗದದಲ್ಲಿ ನೋಡಿದರೆ ಸುಲಭ. ನಮ್ಮ ಊರಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಹೇಳುತ್ತೇನೆ.

ಆ ಹುಡುಗನ ಯೂನಿಟ್ ಅಪ್ಪನ ಹೆಸರಲ್ಲಿ ಪ್ರೊಪ್ರೈಟರಿ. ಜಿಎಸ್‌ಟಿ ಇದೆ, ಕರೆಂಟ್ ಅಕೌಂಟ್ ಇದೆ. ಹುಡುಗ ನಾಲ್ಕು ವರ್ಷದಿಂದ ಬೆಳಗ್ಗೆ ಎಂಟಕ್ಕೆ ಬೀಗ ತೆಗೆದು, ಕಟಿಂಗ್ ಮಾಸ್ಟರ್‌ಗೆ ಬಟ್ಟೆ ಅಳೆದು ಕೊಟ್ಟು, ವಾಷಿಂಗ್‌ಗೆ ಲಾಟ್ ಕಳಿಸಿ, ರಾತ್ರಿ ಪಾರ್ಟಿಗಳಿಗೆ ಫೋನ್ ಮಾಡಿ ಬಾಕಿ ವಸೂಲಿ ಮಾಡುತ್ತಿದ್ದಾನೆ. ಮ್ಯಾನೇಜರ್ ಅಂದರೆ ಅವನೇ. ಆದರೆ ಸಂಬಳ? 'ಬೇಕಾದಾಗ ಗಲ್ಲಾದಿಂದ ತಗೋತೀನಿ ಸಾರ್.' ಹೊಲಿಯುವ ಹನ್ನೆರಡು ಜನಕ್ಕೆ ಪೀಸ್ ಲೆಕ್ಕ, ವಾರಕ್ಕೊಮ್ಮೆ ಕೈಗೆ ನಗದು. ಯಾರ ಹೆಸರೂ ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಅಮೆರಿಕದ ಅಧಿಕಾರಿಯ ಮುಂದೆ ಈ ನಾಲ್ಕು ವರ್ಷದ ಬೆವರು ಸೊನ್ನೆ.

ಹಾಗಾಗಿ ನಾವು ಶುರುಮಾಡಿದ್ದು ಇಲ್ಲಿಂದ.

ಪ್ರೊಪ್ರೈಟರಿಯನ್ನು ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ ಮಾಡಿಕೊಳ್ಳಿ. ನೋಂದಣಿ ಆದ ಪಾಲುದಾರಿಕೆ ಫರ್ಮ್ ಆದರೂ ನಡೆಯುತ್ತದೆ. ಯಾರಿಗೆ ಎಷ್ಟು ಪಾಲು ಅನ್ನುವುದು ಕಾಗದದಲ್ಲಿ ಸ್ಪಷ್ಟವಾಗಿರಲಿ. ಹೊರದೇಶದ ಕಂಪನಿಯಲ್ಲಿ ಹೂಡುವಾಗಲೂ ಇದು ಅನುಕೂಲ, ಅದನ್ನು ಮುಂದೆ ಹೇಳುತ್ತೇನೆ. ಪ್ರೊಪ್ರೈಟರಿಯಲ್ಲಿ ವ್ಯಕ್ತಿ ಬೇರೆ, ವ್ಯಾಪಾರ ಬೇರೆ ಅಂತ ತೋರಿಸುವುದೇ ಕಷ್ಟ.

ಸಂಬಳ ಬ್ಯಾಂಕಿಗೆ ಹಾಕಿ. ನೇಮಕದ ಪತ್ರ ಕೊಡಿ, ಪ್ರತಿ ತಿಂಗಳು ಸ್ಲಿಪ್ ಬರಲಿ, ಫಾರ್ಮ್ 16 ಆಗಲಿ. ಕೆಲಸಗಾರರು ಹತ್ತು ಜನ ಮುಟ್ಟಿದ್ದರೆ ಇಎಸ್‌ಐ, ಇಪ್ಪತ್ತು ಮುಟ್ಟಿದರೆ ಪಿಎಫ್ ಹೇಗೂ ಕಟ್ಟಲೇಬೇಕು. ಆ ಚಲನ್‌ಗಳೇ ನಾಳೆ 'ನನ್ನ ಕೈಕೆಳಗೆ ಇಷ್ಟು ಜನ ಇದ್ದಾರೆ' ಅನ್ನುವುದಕ್ಕೆ ಸಾಕ್ಷಿ. ಯಾರ ಕೆಳಗೆ ಯಾರು ಅಂತ ಒಂದು ಚಾರ್ಟ್ ಬರೆಯಿರಿ. ನೀವು ನೇರವಾಗಿ ಹನ್ನೆರಡು ಟೈಲರ್‌ಗಳನ್ನು ನೋಡಿಕೊಳ್ಳುತ್ತೀರಿ ಅಂದರೆ ನಿಮ್ಮನ್ನು ಮೇಸ್ತ್ರಿ ಅಂದುಕೊಳ್ಳುತ್ತಾರೆ. ನಡುವೆ ಒಬ್ಬ ಸೂಪರ್‌ವೈಸರ್, ಒಬ್ಬ ಅಕೌಂಟ್ಸ್‌ನವನು, ಒಬ್ಬ ಸೇಲ್ಸ್‌ನವನು ಇದ್ದು, ಅವರನ್ನು ನೀವು ನೋಡಿಕೊಳ್ಳಬೇಕು.

ತಾರೀಖುಗಳನ್ನು ಎರಡು ಸಲ ನೋಡಿ. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಒಬ್ಬರಿಗೆ ಅನುಭವ ಪತ್ರ ಟೈಪ್ ಮಾಡಿಸಿದಾಗ ಕೆಲಸಕ್ಕೆ ಸೇರಿದ್ದು ಜೂನ್ ಅಂತ ಹಾಕಿಸಿದ್ದೆ. ಆ ಕಂಪನಿ ಹುಟ್ಟಿದ್ದೇ ಅದೇ ವರ್ಷದ ಆಗಸ್ಟ್‌ನಲ್ಲಿ. ಹಳೆಯ ಫರ್ಮ್‌ನ ದಿನವನ್ನೂ ಸೇರಿಸಿ ಬರೆದಿದ್ದೆ, ಅದನ್ನು ಪತ್ರದಲ್ಲಿ ವಿವರಿಸಿರಲಿಲ್ಲ. 'ಇನ್ನಷ್ಟು ದಾಖಲೆ ಕೊಡಿ' ಅಂತ ನೋಟಿಸ್ ಬಂತು. ಅದನ್ನು ಆರ್‌ಎಫ್‌ಇ ಅನ್ನುತ್ತಾರೆ. ಎರಡು ತಿಂಗಳು ಹೋಯಿತು, ವಕೀಲರ ಫೀಸು ಇನ್ನೊಂದು ಸಲ. ಆಮೇಲಿಂದ ನಾನು ಪ್ರತಿ ಪತ್ರದ ಪಕ್ಕದಲ್ಲಿ ನೋಂದಣಿ ಸರ್ಟಿಫಿಕೇಟ್ ಇಟ್ಟುಕೊಂಡೇ ಸಹಿಗೆ ಕಳಿಸುತ್ತೇನೆ.

ಅಲ್ಲಿನ ಜಾಗ ನಿಜವಾದ ಜಾಗವಾಗಿರಲಿ. ಅಂಚೆ ಡಬ್ಬಿಯ ವಿಳಾಸ ನಡೆಯದು. ಬಟ್ಟೆ ವ್ಯಾಪಾರ ಅಂದಮೇಲೆ ಮಾಲು ಇಡುವ ಜಾಗ ಎಲ್ಲಿ ಅಂತ ಕೇಳೇ ಕೇಳುತ್ತಾರೆ. ಕರಾರು ಪತ್ರ, ಒಳಗಿನ ಫೋಟೊ, ಎಷ್ಟು ಚದರ ಅಡಿ, ಎಲ್ಲ ಇಡಿ.

ಅರ್ಜಿ ಹಾಕುವುದು ಅಮೆರಿಕದ ಕಂಪನಿ, ನೀವಲ್ಲ. ಐ-129 ಅನ್ನುವ ಫಾರ್ಮ್ ಅಲ್ಲಿನ ವಲಸೆ ಇಲಾಖೆಗೆ ಹೋಗುತ್ತದೆ. ಅದು ಮಂಜೂರಾದ ಮೇಲೆ ನೀವು ಡಿಎಸ್-160 ಅನ್ನುವ ವೀಸಾ ಅರ್ಜಿ ತುಂಬಿ ಸಂದರ್ಶನಕ್ಕೆ ಹೋಗುವುದು. ಬೇಗ ಬೇಕು ಅಂದರೆ ಪ್ರೀಮಿಯಂ ಶುಲ್ಕ ಕಟ್ಟಿ 15 ಕೆಲಸದ ದಿನಗಳಲ್ಲಿ ಉತ್ತರ ಪಡೆಯಬಹುದು. ಆ ಶುಲ್ಕವೊಂದೇ 2,800 ಡಾಲರ್ ದಾಟುತ್ತದೆ.

ಹೊಸ ಆಫೀಸಿಗೆ ಮೊದಲು ಸಿಗುವುದು 1 ವರ್ಷ. ಆಮೇಲೆ ಎರಡೆರಡು ವರ್ಷ ವಿಸ್ತರಣೆ, ಒಟ್ಟು 7 ವರ್ಷದವರೆಗೆ. ಅಮೆರಿಕದ ಕಂಪನಿ ಕನಿಷ್ಠ ಒಂದು ವರ್ಷ ವ್ಯಾಪಾರ ಮಾಡಿದ ಮೇಲೆ ಇಬಿ-1ಸಿ ಅನ್ನುವ ಗ್ರೀನ್ ಕಾರ್ಡ್ ವರ್ಗಕ್ಕೂ ಅರ್ಜಿ ಹಾಕಬಹುದು. ಭಾರತೀಯರಿಗೆ ಅಲ್ಲೂ ಸಾಲು ಇದೆ, ಉಳಿದ ವರ್ಗಗಳಷ್ಟು ಉದ್ದ ಇಲ್ಲ.

ಅಮೆರಿಕದ ಉಳಿದ ಬಾಗಿಲುಗಳು, ಬೇಗ ಬೇಗ

ಇ-2 ಅನ್ನುವ ಹೂಡಿಕೆದಾರರ ವೀಸಾ ಬಗ್ಗೆ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಅದು ಅಮೆರಿಕದ ಜೊತೆ ಒಪ್ಪಂದ ಇರುವ ದೇಶದವರಿಗೆ ಮಾತ್ರ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಪಟ್ಟಿಯಲ್ಲಿವೆ, ಭಾರತ ಇಲ್ಲ. ಗ್ರೆನಡಾ ದೇಶದ ಪಾಸ್‌ಪೋರ್ಟ್ ಕೊಂಡು ಆ ಮೂಲಕ ಇ-2 ಮಾಡಿಸುತ್ತೇವೆ ಅನ್ನುವ ಏಜೆಂಟರು ಇನ್ನೂ ಇದ್ದಾರೆ. ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ 3 ವರ್ಷ ನೆಲೆಸಿರಬೇಕು ಅಂತ 2022ರ ಕೊನೆಗೆ ಅಮೆರಿಕ ಕಾನೂನು ಮಾಡಿತು. ಆ ಮಾತನ್ನು ಮಾತ್ರ ಅವರು ಹೇಳುವುದಿಲ್ಲ.

ಎಚ್-1ಬಿ ನಮ್ಮವರಿಗೆಲ್ಲ ಗೊತ್ತು. ವರ್ಷಕ್ಕೆ 85,000 ವೀಸಾ, ಅದಕ್ಕೂ ಲಾಟರಿ. 2025ರ ಜನವರಿ 17ರಿಂದ, ಸ್ವಂತ ಕಂಪನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇರುವವರೂ ಆ ಕಂಪನಿಯ ಮೂಲಕ ಎಚ್-1ಬಿ ಪಡೆಯಬಹುದು ಅಂತ ನಿಯಮ ಸ್ಪಷ್ಟವಾಯಿತು. ಮೊದಲ ಮಂಜೂರಾತಿ 18 ತಿಂಗಳಿಗೆ ಮಾತ್ರ. ಖುಷಿಪಡುವಷ್ಟರಲ್ಲಿ ಅದೇ ವರ್ಷ ಸೆಪ್ಟೆಂಬರ್ 21ರಿಂದ, ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಅಂತ ಬಂತು. ಬಳ್ಳಾರಿಯಲ್ಲಿ ಕೂತು ಸ್ವಂತ ಸ್ಟಾರ್ಟಪ್‌ಗೆ ಅಷ್ಟು ಕಟ್ಟುವವರು ಯಾರು?

ಅಲ್ಲಿಗೆ ಓದಲು ಹೋದವರಿಗೆ ಓಪಿಟಿ ಅನ್ನುವ ಕೆಲಸದ ಅವಧಿ ಇದೆ. ಡಿಗ್ರಿ ಆದ ಮೇಲಿನ 12 ತಿಂಗಳಲ್ಲಿ ಓದಿದ ವಿಷಯಕ್ಕೆ ಸಂಬಂಧಿಸಿದ ಸ್ವಂತ ವ್ಯಾಪಾರ ಮಾಡಬಹುದು. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಆ ಹಂತದಲ್ಲಿ ಮಾತ್ರ ತರಬೇತಿ ಕೊಡುವ ಬೇರೊಬ್ಬ ಮಾಲೀಕ ಇರಬೇಕು, ನಿಮ್ಮ ಸಹಿಯನ್ನು ನೀವೇ ಎರಡೂ ಕಡೆ ಹಾಕುವಂತಿಲ್ಲ.

ಒ-1ಎ ಅಸಾಧಾರಣ ಸಾಧನೆಯವರಿಗೆ. ಪ್ರಶಸ್ತಿ, ಪತ್ರಿಕೆಗಳಲ್ಲಿ ಬರಹ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದು, ದೊಡ್ಡ ಸಂಬಳ ಹೀಗೆ 8 ಮಾನದಂಡಗಳಲ್ಲಿ ಕನಿಷ್ಠ 3 ತೋರಿಸಬೇಕು. ಮೊದಲು 3 ವರ್ಷ ಸಿಗುತ್ತದೆ. ಸ್ಟಾರ್ಟಪ್ ಕಟ್ಟಿ ಹೆಸರು ಮಾಡಿದವರು ಇದನ್ನು ಬಳಸುತ್ತಾರೆ. ಇನ್ನು ಅಂತಾರಾಷ್ಟ್ರೀಯ ಉದ್ಯಮಿ ಪರೋಲ್ ಅಂತ ಒಂದಿದೆ. ಇದು ವೀಸಾ ಅಲ್ಲ, ಒಳಗೆ ಬಿಡುವ ಅನುಮತಿ. 2024ರ ಅಕ್ಟೋಬರ್‌ನಿಂದ, ಅಮೆರಿಕದ ಅರ್ಹ ಹೂಡಿಕೆದಾರರಿಂದ 3,11,071 ಡಾಲರ್ ಬಂದಿರಬೇಕು. ನಮ್ಮ ದುಡ್ಡಲ್ಲಿ ಎರಡೂವರೆ ಕೋಟಿಗೂ ಜಾಸ್ತಿ. ಸಿಕ್ಕರೆ 30 ತಿಂಗಳು. ದುಡ್ಡು ಹೂಡಿ ಗ್ರೀನ್ ಕಾರ್ಡ್ ಪಡೆಯುವ ಇಬಿ-5ಕ್ಕೆ ಹಳ್ಳಿಗಾಡು ಪ್ರದೇಶದಲ್ಲಿ ಹೂಡಿದರೂ 8 ಲಕ್ಷ ಡಾಲರ್, ಹತ್ತು ಜನಕ್ಕೆ ಕೆಲಸ.

ಐದನೇ ಹೆಜ್ಜೆ: ಬೇರೆ ದೇಶಗಳನ್ನೂ ತೂಗಿ ನೋಡಿ

ದುಬೈ ಸುಲಭ, ನಿಜ. ಯುಎಇಯಲ್ಲಿ 40ಕ್ಕೂ ಹೆಚ್ಚು ಫ್ರೀ ಝೋನ್‌ಗಳಿವೆ, ಅಂದರೆ ವ್ಯಾಪಾರಕ್ಕೆ ತಮ್ಮದೇ ನಿಯಮ ಇರುವ ವಲಯಗಳು. ಲೈಸೆನ್ಸ್ ಮಾಡಿಸಿ, ಒಂದು ಟೇಬಲ್ ಬಾಡಿಗೆ ಹಿಡಿದರೂ ಕಂಪನಿ ಆಗುತ್ತದೆ. ಅದರ ಮೇಲೆ ಮಾಲೀಕರಿಗೆ ಸಾಮಾನ್ಯವಾಗಿ 2 ವರ್ಷದ ವೀಸಾ. 2021ರಿಂದ ಫ್ರೀ ಝೋನ್ ಹೊರಗೂ ಬಹುತೇಕ ವ್ಯಾಪಾರಗಳಿಗೆ ಪೂರ್ತಿ ಒಡೆತನ ಸಿಗುತ್ತದೆ, ಅಲ್ಲಿನವರನ್ನು ಪಾಲುದಾರರಾಗಿ ಹುಡುಕಬೇಕಿಲ್ಲ. 'ತೆರಿಗೆಯೇ ಇಲ್ಲ' ಅನ್ನುವುದು ಹಳೆಯ ಮಾತು. 2023ರ ಜೂನ್‌ನಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9 ಕಂಪನಿ ತೆರಿಗೆ ಇದೆ. ಫ್ರೀ ಝೋನ್‌ಗಳಿಗೆ ವಿನಾಯಿತಿ ಇದ್ದರೂ ಷರತ್ತುಗಳಿವೆ. ವೀಸಾ ಇಟ್ಟುಕೊಂಡು ಆರು ತಿಂಗಳಿಗಿಂತ ಜಾಸ್ತಿ ಊರಲ್ಲಿ ಕೂತರೆ ಮಾಮೂಲಿ ವೀಸಾ ರದ್ದಾಗುತ್ತದೆ. ನಾನು ಕಂಡಂತೆ ಅಲ್ಲಿ ಕಷ್ಟ ಲೈಸೆನ್ಸ್‌ನದ್ದಲ್ಲ, ಬ್ಯಾಂಕ್ ಅಕೌಂಟ್‌ನದ್ದು. ಗಿರಾಕಿ ಯಾರು, ಮಾಲು ಯಾವುದು, ದುಡ್ಡು ಎಲ್ಲಿಂದ ಅಂತ ಬ್ಯಾಂಕಿನವರು ವಾರಗಟ್ಟಲೆ ಕೇಳುತ್ತಾರೆ.

ಬ್ರಿಟನ್‌ನ ಇನ್ನೊವೇಟರ್ ಫೌಂಡರ್ ವೀಸಾ 2023ರ ಏಪ್ರಿಲ್‌ನಲ್ಲಿ ಬಂತು. ಹಿಂದೆ ಇದ್ದ 50,000 ಪೌಂಡ್ ಹೂಡಿಕೆಯ ಷರತ್ತು ಈಗಿಲ್ಲ. ಅದರ ಬದಲು ಸರ್ಕಾರ ಒಪ್ಪಿದ ಸಂಸ್ಥೆಯೊಂದು ನಿಮ್ಮ ಐಡಿಯಾ ಹೊಸದು, ನಡೆಯುವಂಥದ್ದು, ಬೆಳೆಯುವಂಥದ್ದು ಅಂತ ಪತ್ರ ಕೊಡಬೇಕು. ಅದಕ್ಕೆ 1,000 ಪೌಂಡ್, ಆಮೇಲೆ ಎರಡು ಪರಿಶೀಲನೆ ಭೇಟಿಗೆ ತಲಾ 500. ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್. ಇಂಗ್ಲಿಷ್ ಬಿ2 ಮಟ್ಟಕ್ಕೆ ಇರಬೇಕು. ವೀಸಾ 3 ವರ್ಷದ್ದು, ಚೆನ್ನಾಗಿ ನಡೆದರೆ ಅಲ್ಲೇ ನೆಲೆಸಲು ಅರ್ಜಿ. ಕಿನ್ನಾಳದ ಗೊಂಬೆ ತರಿಸಿ ಲಂಡನ್‌ನಲ್ಲಿ ಅಂಗಡಿ ಇಡುತ್ತೇನೆ ಅಂದರೆ ಆ ಸಂಸ್ಥೆಯವರು ಗೊಂಬೆಯನ್ನು ಹೊಗಳಿ ಕಳಿಸುತ್ತಾರೆ, ಪತ್ರ ಕೊಡುವುದಿಲ್ಲ. 'ಹೊಸದು' ಅನ್ನುವ ಪದಕ್ಕೆ ಅಲ್ಲಿ ಅಷ್ಟು ತೂಕ. ಅಲ್ಲೇ ಓದಿದವರಿಗೆ ಗ್ರಾಜುಯೇಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡಲು ಅಡ್ಡಿ ಇಲ್ಲ. ಓದುತ್ತಿರುವಾಗ, ಸ್ಟೂಡೆಂಟ್ ವೀಸಾದಲ್ಲಿ ಮಾತ್ರ ಮಾಡುವಂತಿಲ್ಲ.

ಸಿಂಗಪುರದಲ್ಲಿ ಉದ್ಯಮಿಗಳಿಗೆ ಕೊಡುವ ಎಂಟ್ರೆಪಾಸ್ ಮೊದಲು 1 ವರ್ಷಕ್ಕೆ. ಹೂಡಿಕೆದಾರರ ಬೆಂಬಲ ಅಥವಾ ಹೊಸ ತಂತ್ರಜ್ಞಾನ ಇರಬೇಕು. ಅಲ್ಲಿ ಒಗ್ಗರಣೆ ಮಿರ್ಚಿ ಹೋಟೆಲ್ ಹಾಕುವ ಕನಸಿದ್ದರೆ ಬಿಟ್ಟುಬಿಡಿ. ಕಾಫಿ ಅಂಗಡಿ, ಫುಡ್ ಕೋರ್ಟ್, ಬಾರ್, ಮಸಾಜ್ ಪಾರ್ಲರ್, ಕೆಲಸ ಕೊಡಿಸುವ ಏಜೆನ್ಸಿ ಇವಕ್ಕೆ ಈ ಪಾಸ್ ಇಲ್ಲ ಅಂತ ಅವರ ನಿಯಮದಲ್ಲೇ ಇದೆ.

ಕೆನಡಾದ ಸ್ಟಾರ್ಟಪ್ ವೀಸಾ ಬಗ್ಗೆ ಹಳೆಯ ವಿಡಿಯೋಗಳು ಇನ್ನೂ ಓಡುತ್ತಿವೆ. ಆ ಯೋಜನೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು 2025ರ ಕೊನೆಗೆ ನಿಲ್ಲಿಸಿದರು. ಅದರ ಹೆಸರಲ್ಲಿ ಅಡ್ವಾನ್ಸ್ ಕೇಳುವವರಿಗೆ ಕೊಡಬೇಡಿ. ಜಪಾನ್ ಬಿಸಿನೆಸ್ ಮ್ಯಾನೇಜರ್ ವೀಸಾಗೆ ಬೇಕಾದ ಬಂಡವಾಳವನ್ನು 2025ರ ಅಕ್ಟೋಬರ್‌ನಲ್ಲಿ 50 ಲಕ್ಷ ಯೆನ್‌ನಿಂದ ಒಂದೇ ಏಟಿಗೆ 3 ಕೋಟಿ ಯೆನ್‌ಗೆ ಏರಿಸಿತು. ಎಸ್ಟೋನಿಯಾದ ಇ-ರೆಸಿಡೆನ್ಸಿ ಕಾರ್ಡ್ ತೋರಿಸಿ 'ಯುರೋಪಿನ ವೀಸಾ ಸಿಕ್ತು' ಅಂದವರನ್ನೂ ನೋಡಿದ್ದೇನೆ. ಅದು ಆನ್‌ಲೈನ್‌ನಲ್ಲಿ ಕಂಪನಿ ನಡೆಸಲು ಕೊಡುವ ಡಿಜಿಟಲ್ ಗುರುತು. ಅದನ್ನು ಹಿಡಿದು ವಿಮಾನ ಹತ್ತಲು ಆಗದು.

ಆರನೇ ಹೆಜ್ಜೆ: ಹೆಸರು, ಊರು, ಜಿಲ್ಲೆ ಸರಿಮಾಡಿಕೊಳ್ಳಿ

ಬೆಂಗಳೂರಿನವರು ಬರೆದ ಗೈಡ್‌ಗಳಲ್ಲಿ ಇದು ಇರುವುದಿಲ್ಲ. ನಮಗೆ ಜಾಸ್ತಿ ಕಾಟ ಕೊಡುವುದು ಇದೇ.

ನಮ್ಮ ಕಡೆ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಅಂತ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ಕೆ. ಮಂಜುನಾಥ', ಆಧಾರ್‌ನಲ್ಲಿ 'ಮಂಜುನಾಥ', ಪ್ಯಾನ್‌ನಲ್ಲಿ ಅಪ್ಪನ ಹೆಸರೂ ಸೇರಿಕೊಂಡು ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ 'ಮೊದಲ ಹೆಸರು ಗೊತ್ತಿಲ್ಲ'. ಆಮೇಲೆ ಅಲ್ಲಿನ ಬ್ಯಾಂಕು, ಲೈಸೆನ್ಸು ಎಲ್ಲದರಲ್ಲೂ ಅದೇ ಬೆನ್ನು ಹತ್ತುತ್ತದೆ. ಯುಎಇಯವರು 2022ರ ನವೆಂಬರ್‌ನಿಂದ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾಗೆ ತಕರಾರು ಮಾಡುತ್ತಾರೆ. ಕಂಪನಿ ನೋಂದಣಿಗೆ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಹೆಸರು ಎರಡು ಭಾಗ ಮಾಡಿಸಿ, ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿ.

ಇನ್ನು ಊರು. 2014ರ ನವೆಂಬರ್ 1ಕ್ಕೆ ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ದಾಖಲೆಯಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ 1990ರಲ್ಲಿ ಗಂಗಾವತಿಯಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ರಾಯಚೂರು ಜಿಲ್ಲೆ, ಆಧಾರ್‌ನಲ್ಲಿ ಕೊಪ್ಪಳ. ಹೊಸಪೇಟೆಯವರದ್ದು ಇನ್ನೊಂದು ಕಥೆ, ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ 2021ರಲ್ಲಿ ಕೂತಲ್ಲೇ ವಿಜಯನಗರ ಜಿಲ್ಲೆಯವರಾದರು. ಹೊರಗಿನ ಅಧಿಕಾರಿಗೆ ಇದು ಹೇಗೆ ಗೊತ್ತಾಗಬೇಕು? ಒಂದು ನೋಟರಿ ಅಫಿಡವಿಟ್‌ನಲ್ಲಿ ಎರಡೂ ಹೆಸರು ಒಂದೇ ಊರಿನದ್ದು, ಜಿಲ್ಲೆ ಇಂಥ ವರ್ಷ ಬೇರೆ ಆಯಿತು ಅಂತ ನಾಲ್ಕು ಸಾಲು ಬರೆಸಿ ಇಟ್ಟುಕೊಳ್ಳಿ.

ಮದುವೆ ಗುಡಿಯಲ್ಲೋ ಕಲ್ಯಾಣ ಮಂಟಪದಲ್ಲೋ ಆಗಿ ನೋಂದಣಿ ಉಳಿದಿದ್ದರೆ ಈಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಲಗ್ನಪತ್ರಿಕೆ ತೋರಿಸಿದರೆ ಹೆಂಡತಿಗೆ ವೀಸಾ ಕೊಡುವುದಿಲ್ಲ. ಬ್ರಿಟನ್, ಸಿಂಗಪುರದಂಥ ಹೇಗ್ ಒಪ್ಪಂದದ ದೇಶಗಳು ದಾಖಲೆ ದೃಢೀಕರಣ ಕೇಳಿದರೆ ನಮ್ಮ ಸರ್ಕಾರ ಹಾಕಿಕೊಡುವ ಅಪೊಸ್ಟಿಲ್ ಮುದ್ರೆ ಸಾಕು. ಯುಎಇ ಆ ಒಪ್ಪಂದದಲ್ಲಿಲ್ಲ, ಅಲ್ಲಿಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಏಳನೇ ಹೆಜ್ಜೆ: ದುಡ್ಡು ಬ್ಯಾಂಕಿನ ದಾರಿಯಲ್ಲೇ ಹೋಗಲಿ

ಭಾರತದಲ್ಲಿ ನೆಲೆಸಿದ ವ್ಯಕ್ತಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ 2,50,000 ಡಾಲರ್ ಹೊರಗೆ ಕಳಿಸಬಹುದು. ಇದನ್ನು ಎಲ್‌ಆರ್‌ಎಸ್ ಅನ್ನುತ್ತಾರೆ. ಹೂಡಿಕೆಗೆ ಕಳಿಸಿದರೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ 20 ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತದೆ. ಅದು ಹೋದ ದುಡ್ಡಲ್ಲ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಆದರೆ ಅಲ್ಲಿಯವರೆಗೆ ಕೈಯಲ್ಲಿ ಇರುವುದಿಲ್ಲ. 40 ಲಕ್ಷ ಕಳಿಸುವವರು ಇನ್ನೂ 6 ಲಕ್ಷ ಬೇರೆ ಇಟ್ಟುಕೊಳ್ಳಬೇಕು. ಇದನ್ನು ಮರೆತು ಬ್ಯಾಂಕ್ ಕೌಂಟರ್‌ನಲ್ಲಿ ನಿಂತು ಮನೆಗೆ ಫೋನ್ ಮಾಡಿದವರಿದ್ದಾರೆ.

ಕಂಪನಿ, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆ ಫರ್ಮ್ ಹೂಡುವುದಾದರೆ ಮಿತಿ ಬೇರೆ. 2022ರ ಆಗಸ್ಟ್‌ನ ನಿಯಮದ ಪ್ರಕಾರ ಅದರ ನಿವ್ವಳ ಆಸ್ತಿಯ ನಾಲ್ಕು ಪಟ್ಟಿನವರೆಗೆ. ಪ್ರೊಪ್ರೈಟರಿಗೆ ಈ ಅನುಕೂಲ ಇಲ್ಲ. ಆಗಲೇ ಹೇಳಿದ್ದು ಇದನ್ನೇ.

ಯಾರೇ ಹೂಡಲಿ, ದುಡ್ಡು ಹೋಗುವ ಮೊದಲು ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೊಟ್ಟು ಆ ಹೂಡಿಕೆಗೆ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಷೇರು ಸರ್ಟಿಫಿಕೇಟ್ ಆರು ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಕಂಪನಿ ನಿಮ್ಮ ಹಿಡಿತದಲ್ಲಿದ್ದರೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅದರ ವರದಿಯೂ ಹೋಗಬೇಕು. ಬಳ್ಳಾರಿಯ ಎಷ್ಟೋ ಶಾಖೆಗಳಲ್ಲಿ ಈ ಫಾರ್ಮ್ ಅಪರೂಪ. ಫಾರೆಕ್ಸ್ ನೋಡುವ ಶಾಖೆ ಯಾವುದು ಅಂತ ಮೊದಲೇ ಕೇಳಿಕೊಂಡು ಹೋಗಿ. ಇಲ್ಲಿನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ ತುಂಬಿ, ಹೊರಗಿನ ಕಂಪನಿಯನ್ನು ತೋರಿಸಿ. ಮುಚ್ಚಿಟ್ಟರೆ 10 ಲಕ್ಷ ದಂಡದ ಕಾನೂನು ಇದೆ.

'ದುಬೈನಲ್ಲಿ ನಮ್ಮವನೊಬ್ಬ ಇದ್ದಾನೆ, ಅಲ್ಲೇ ಕೊಡ್ತಾನೆ, ಇಲ್ಲಿ ನಾವು ಅವನ ಮನೆಗೆ ಕೊಟ್ಟರಾಯ್ತು' ಅನ್ನುವ ಮಾತು ಬಂದರೆ ಎದ್ದು ಬನ್ನಿ. ಅದು ಹವಾಲಾ. ವೀಸಾ ಅಧಿಕಾರಿ ದುಡ್ಡಿನ ಮೂಲ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಹೊಲದ ದುಡ್ಡಿಗೂ ಕಾಗದ ಬೇಕು. ಭತ್ತ ಮಾರಿದ ದಲ್ಲಾಳಿ ಅಂಗಡಿಯ ಪಟ್ಟಿ, ಪಹಣಿ, ಪಾಸ್‌ಬುಕ್ ಮೂರನ್ನೂ ಜೋಡಿಸಿಡಿ. ಹೊಲದ ಬಗ್ಗೆ ಇನ್ನೊಂದು ಮಾತು, ಇದನ್ನು ಅಪ್ಪಂದಿರೇ ಕೇಳುತ್ತಾರೆ. ವ್ಯಾಪಾರಕ್ಕಾಗಿ ಹೊರದೇಶಕ್ಕೆ ಹೋಗಿ ಎನ್‌ಆರ್‌ಐ ಆದ ಮೇಲೆ ಮಗ ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಅಪ್ಪನಿಂದ ವಾರಸುದಾರಿಕೆಯಲ್ಲಿ ಬಂದರೆ ಅದಕ್ಕೂ ತೊಂದರೆ ಇಲ್ಲ. ಕಾರಟಗಿ ಕಡೆ ಪಕ್ಕದ ಎರಡು ಎಕರೆ ನೀರಾವರಿ ಹೊಲ ಮಾತುಕತೆಯಲ್ಲಿದ್ದರೆ ಹೊರಡುವ ಮೊದಲೇ ನೋಂದಣಿ ಮುಗಿಸಿ. ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸುವುದನ್ನೂ ಮರೆಯಬೇಡಿ.

ಎಂಟನೇ ಹೆಜ್ಜೆ: ಸಂದರ್ಶನ

ಅಮೆರಿಕದ ವೀಸಾ ಸಂದರ್ಶನಕ್ಕೆ ನಮ್ಮವರು ಹೈದರಾಬಾದ್ ಅಥವಾ ಚೆನ್ನೈಗೆ ಹೋಗುತ್ತಾರೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಬಳ್ಳಾರಿಯವರೂ ಅಲ್ಲಿಗೇ ಜಾಸ್ತಿ ಹೋಗುವುದು. ಹಿಂದಿನ ದಿನವೇ ಹೋಗಿ ಉಳಿಯಿರಿ, ರಾತ್ರಿ ಬಸ್ ಇಳಿದು ನೇರ ಸಾಲಿಗೆ ನಿಲ್ಲಬೇಡಿ.

ಸಂದರ್ಶನ ಮೂರ್ನಾಲ್ಕು ನಿಮಿಷ. ಫೈಲ್ ತೆಗೆಯಿರಿ ಅಂತ ಕೇಳುವುದೇ ಅಪರೂಪ. ನಿಮ್ಮ ಕೆಳಗೆ ಎಷ್ಟು ಜನ, ಅಲ್ಲಿ ಏನು ಮಾರುತ್ತೀರಿ, ಅಲ್ಲಿ ಎಷ್ಟು ಜನರನ್ನು ಇಟ್ಟುಕೊಳ್ಳುತ್ತೀರಿ, ನೀವು ಅಲ್ಲಿದ್ದರೆ ಇಲ್ಲಿ ಯಾರು ನೋಡಿಕೊಳ್ಳುತ್ತಾರೆ. ಇದಕ್ಕೆಲ್ಲ ಬಾಯಿಪಾಠದ ಉತ್ತರ ಬೇಡ. 'ಐ ವಿಲ್ ಡೂ ಎವ್ರಿಥಿಂಗ್ ಮೈಸೆಲ್ಫ್' ಅಂತ ಹೆಮ್ಮೆಯಿಂದ ಹೇಳಿ ಕೆಲಸ ಕೆಡಿಸಿಕೊಂಡವರಿದ್ದಾರೆ. ಎಲ್ಲ ತಾನೇ ಮಾಡುವವನು ಅವರ ಲೆಕ್ಕದಲ್ಲಿ ಮ್ಯಾನೇಜರ್ ಅಲ್ಲ.

ವಕೀಲರನ್ನು ಹಿಡಿಯುವಾಗ ಅಮೆರಿಕದ ವಲಸೆ ಅರ್ಜಿಗೆ ಅಲ್ಲಿನ ಯಾವುದಾದರೂ ರಾಜ್ಯದ ಬಾರ್ ಲೈಸೆನ್ಸ್ ಇದೆಯಾ ನೋಡಿ, ಆ ಬಾರ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ. 'ನೂರಕ್ಕೆ ನೂರು ಗ್ಯಾರಂಟಿ' ಅಂದವರಿಗೆ ಫೀಸು ಕೊಡಬೇಡಿ. ವ್ಯಾಪಾರದ ಪ್ಲಾನ್‌ ಅನ್ನು ಅವರಿಂದ ಬರೆಸಿದರೂ ಒಂದೊಂದು ಸಾಲನ್ನೂ ನೀವು ಓದಿ. ಜೀನ್ಸ್ ಯೂನಿಟ್‌ನ ಪ್ಲಾನ್ ಒಳಗೆ 'ಸಾಫ್ಟ್‌ವೇರ್ ಡೆವಲಪರ್‌ಗಳು' ಅಂತ ಒಂದು ಪುಟ ಸೇರಿಕೊಂಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಯಾರದ್ದೋ ಹಳೆಯ ಫೈಲ್‌ನಿಂದ ನಕಲು ಹೊಡೆದದ್ದು.

ಒಂಬತ್ತನೇ ಹೆಜ್ಜೆ: ಹೋದ ಮೇಲಿನ ಹನ್ನೆರಡು ತಿಂಗಳು

ಎಲ್-1ಎ ಹೊಸ ಆಫೀಸಿನವರಿಗೆ ಮೊದಲ ವರ್ಷವೇ ಪರೀಕ್ಷೆ. ವಿಸ್ತರಣೆ ಅರ್ಜಿಯಲ್ಲಿ ವ್ಯಾಪಾರ ನಿಜವಾಗಿ ನಡೆದಿದೆಯಾ, ಜನರನ್ನು ಇಟ್ಟುಕೊಂಡಿದ್ದೀರಾ, ಅವರಿಗೆ ಸಂಬಳ ಹೋಗಿದೆಯಾ ಅಂತ ನೋಡುತ್ತಾರೆ. ಬೋರ್ಡ್ ಹಾಕಿ ಕೂತಿದ್ದರೆ ಸಾಲದು. ಆರನೇ ತಿಂಗಳ ಹೊತ್ತಿಗೆ ಒಂದಿಬ್ಬರಾದರೂ ಸಂಬಳದ ಪಟ್ಟಿಯಲ್ಲಿರಲಿ. ಹತ್ತನೇ ತಿಂಗಳಲ್ಲಿ ಒಟ್ಟಿಗೆ ಮೂವರನ್ನು ಸೇರಿಸಿದರೆ ಯಾಕೆ ಸೇರಿಸಿದಿರಿ ಅಂತ ಅವರಿಗೂ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಇಲ್ಲಿನ ಯೂನಿಟ್‌ನ ಜಿಎಸ್‌ಟಿ ರಿಟರ್ನ್, ಇಎಸ್‌ಐ ಚಲನ್, ಕರೆಂಟ್ ಬಿಲ್ ಪ್ರತಿ ತಿಂಗಳೂ ಸ್ಕ್ಯಾನ್ ಮಾಡಿ ಕಳಿಸುವ ಒಬ್ಬರು ಊರಲ್ಲಿರಬೇಕು. ಸಾಮಾನ್ಯವಾಗಿ ಆ ಒಬ್ಬ ನಾನೇ ಆಗಿರುತ್ತೇನೆ.

ಆ ಹುಡುಗನ ಡೆಲವೇರ್ ಕಂಪನಿಯನ್ನು ಬಾಕಿ ತೆರಿಗೆ ಕಟ್ಟಿ ಮುಚ್ಚಿಸಿದೆವು. ಅಪ್ಪನ ಯೂನಿಟ್ ಈಗ ಪ್ರೈವೇಟ್ ಲಿಮಿಟೆಡ್, ಹೊಲಿಯುವ ಹನ್ನೆರಡು ಜನರ ಹೆಸರೂ ಇಎಸ್‌ಐನಲ್ಲಿದೆ. ಮೊದಲ ತಿಂಗಳ ಸಂಬಳ ಬ್ಯಾಂಕಿಗೆ ಬಿದ್ದ ದಿನ ಅವನು ಫೋನ್ ಮಾಡಿದ್ದ. 'ಅಪ್ಪ ನಂಗೆ ಸ್ಲಿಪ್ ಕೊಟ್ಟು ಸಹಿ ಹಾಕಿಸ್ಕೊಂಡ್ರು ಸಾರ್, ನಗು ಬಂತು' ಅಂದ. ನಗಲಿ ಬಿಡಿ. ಇನ್ನು ಹನ್ನೊಂದು ಸ್ಲಿಪ್ ಆಗಬೇಕು.